ಗೇಮ್ ಆಡದವರು ಗೇಮ್ ಕಾದಂಬರಿ ಓದಬಹುದೇ?

ಪ್ರಶ್ನೆ: ವಿಡಿಯೋ ಗೇಮ್ ಆಧರಿಸಿದ ವೈಜ್ಞಾನಿಕ ಕಾದಂಬರಿಗಳು ಇಂಗ್ಲಿಷಿನಲ್ಲಿ ಸಾಲುಸಾಲಾಗಿ ಬಂದಿವೆ. ನಾನು ಯಾವ ಗೇಮನ್ನೂ ಆಡಿದವನಲ್ಲ. ಓದಿದರೆ ತಲೆಬುಡ ಗೊತ್ತಾದೀತೇ?

ಉತ್ತರ: ಧಾರಾಳವಾಗಿ ಓದಿ. ಯಾವುದರಿಂದ ಶುರುಮಾಡುತ್ತೀರಿ ಅನ್ನುವುದಷ್ಟೇ ಮುಖ್ಯ.

'ಹೇಲೋ' ಗೇಮ್ ಮಾರುಕಟ್ಟೆಗೆ ಬಂದದ್ದು 2001ರ ನವೆಂಬರ್ 15ಕ್ಕೆ. ಅದರ ಮೊದಲ ಕಾದಂಬರಿ 'ದ ಫಾಲ್ ಆಫ್ ರೀಚ್' ಅನ್ನು ಡೆಲ್ ರೇ ಪ್ರಕಾಶನ ಅದಕ್ಕೂ ಮುಂಚೆ, ಅಕ್ಟೋಬರಿನಲ್ಲೇ ತಂದಿತ್ತು. ಅಂದರೆ ಅದರ ಮೊಟ್ಟಮೊದಲ ಓದುಗರೂ ನಿಮ್ಮ ಹಾಗೆಯೇ, ಗೇಮ್ ಆಡಿರದವರು. ಎರಿಕ್ ನೈಲಂಡ್ ಅದನ್ನು ಏಳೇ ವಾರಗಳಲ್ಲಿ ಬರೆದರು.

ಗೇಮಿನಲ್ಲಿ ನಾಯಕ ಮಾಸ್ಟರ್ ಚೀಫ್‌ನ ಮುಖವೇ ಕಾಣುವುದಿಲ್ಲ, ಮಾತೂ ಕಡಿಮೆ. ಪುಸ್ತಕದಲ್ಲಿ ಅವನು ಆರು ವರ್ಷದ ಹುಡುಗ, ಹೆಸರು ಜಾನ್. ಓರಗೆಯ ಮಕ್ಕಳ ಜೊತೆ ಆಟದಲ್ಲಿದ್ದವನನ್ನು ಸೇನೆಯ ವಿಜ್ಞಾನಿ ಡಾಕ್ಟರ್ ಹಾಲ್ಸಿ ಕರೆದು, ನಾಣ್ಯವೊಂದನ್ನು ಚಿಮ್ಮಿ, ಯಾವ ಮುಖ ಬೀಳುತ್ತದೆ ಹೇಳು ಅನ್ನುತ್ತಾಳೆ. ಹುಡುಗ ಗಾಳಿಯಲ್ಲೇ ಅದನ್ನು ಹಿಡಿದು 'ಹದ್ದು' ಅನ್ನುತ್ತಾನೆ. ಮುಷ್ಟಿ ಬಿಚ್ಚಿದರೆ ಹದ್ದೇ. ಆ ಚುರುಕುತನವೇ ಅವನಿಗೆ ಮುಳುವಾಗುತ್ತದೆ. ಅವನಂಥ 75 ಮಕ್ಕಳನ್ನು ಯೋಧರನ್ನಾಗಿಸಲು ಸೇನೆ ಕದ್ದೊಯ್ದು, ಮನೆಗಳಲ್ಲಿ ಅವರ ತದ್ರೂಪಿಗಳನ್ನು ಬಿಟ್ಟುಹೋಗುತ್ತದೆ. ಹೆತ್ತವರಿಗೆ ಸುಳಿವೂ ಸಿಗುವುದಿಲ್ಲ. ಇದನ್ನು ಓದಿ ಹೊಟ್ಟೆಯಲ್ಲಿ ಸಂಕಟವಾಗಲು ಗೇಮ್ ಗೊತ್ತಿರಬೇಕಾಗಿಲ್ಲ.

ಇಂಥ ಪುಸ್ತಕಗಳಲ್ಲಿ ಲೋಕವೂ ಪಾತ್ರಗಳೂ ಗೇಮ್ ಕಂಪನಿಯ ಸ್ವತ್ತು. ಪ್ರಕಾಶಕರು ಪರವಾನಗಿ ಪಡೆದು ಲೇಖಕರಿಂದ ಬರೆಸುತ್ತಾರೆ, ಹಸ್ತಪ್ರತಿಗೆ ಕಂಪನಿಯ ಒಪ್ಪಿಗೆ ಬೇಕು. ಮುಂದಿನ ಗೇಮಿಗೆ ಬೇಕಾದ ನಾಯಕನನ್ನು ಲೇಖಕ ಸಾಯಿಸುವ ಹಾಗಿಲ್ಲ. ಲೇಖಕನಿಗೆ ಕೈಕಾಲಾಡಿಸಲು ಜಾಗ ಸಿಗುವುದು ಗೇಮಿನ ಹಿಂದಿನ ವರ್ಷಗಳಲ್ಲಿ, ಇಲ್ಲವೇ ಗೇಮ್ ಕಾಲಿಡದ ಮೂಲೆಗಳಲ್ಲಿ. ಒಳ್ಳೆಯ ಗೇಮ್ ಕಾದಂಬರಿಗಳು ಹೆಚ್ಚಾಗಿ ಅಲ್ಲಿಂದಲೇ ಹುಟ್ಟಿವೆ ಅಂತ ನನಗನ್ನಿಸುತ್ತದೆ. 'ಮಾಸ್ ಎಫೆಕ್ಟ್' ಗೇಮಿನ ಮುಖ್ಯ ಬರಹಗಾರ ಡ್ರೂ ಕಾರ್ಪಿಶಿನ್ ತಾವೇ ಬರೆದ 'ರೆವಲೇಶನ್' ಕೂಡ ಹಿನ್ನೆಲೆಯ ಕತೆಯೇ. 2007ರಲ್ಲಿ ಅದೂ ಗೇಮಿಗಿಂತ ಮೊದಲೇ ಬಂತು.

ಗೇಮಿನಲ್ಲಿ ನಡೆದದ್ದನ್ನೇ ಮತ್ತೆ ಹೇಳುವ ಪುಸ್ತಕಗಳ ಮಾತು ಬೇರೆ. 2003ರ 'ದ ಫ್ಲಡ್' ಮೊದಲ ಹೇಲೋ ಗೇಮಿನ ಘಟನೆಗಳನ್ನೇ ಹಿಡಿದು ಸಾಗುತ್ತದೆ. ಆಡಿದವರಿಗೆ ತಾವು ಓಡಾಡಿದ ಜಾಗಗಳನ್ನು ಮತ್ತೆ ನೋಡುವ ಖುಷಿ. ನಿಮಗೆ ಗುಂಡಿನ ಕಾಳಗವೊಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಎದುರಾಗಿ ಆಯಾಸವಾದೀತು.

ಅಭಿಮಾನಿಗಳು ಬೈದ ಪುಸ್ತಕವೆಂದು ಹೆದರಬೇಕಾಗಿಯೂ ಇಲ್ಲ. 2012ರಲ್ಲಿ ಮಾಸ್ ಎಫೆಕ್ಟ್ ಸರಣಿಯ 'ಡಿಸೆಪ್ಶನ್' ಬಂದಾಗ ಗೇಮಿಗೆ ತಾಳೆಯಾಗದ ತಪ್ಪುಗಳನ್ನು ಅವರು ಉದ್ದಕ್ಕೆ ಪಟ್ಟಿಮಾಡಿದರು. ಪ್ರಕಾಶಕರೂ ಗೇಮ್ ಸಂಸ್ಥೆಯೂ ಕ್ಷಮೆ ಕೇಳಿದವು. ಅವರ ಸಿಟ್ಟು ನ್ಯಾಯವಾದದ್ದೇ, ಆ ಲೋಕದಲ್ಲಿ ಅವರು ವರ್ಷಗಟ್ಟಲೆ ಬದುಕಿದವರು. ಆದರೆ ಹೊಸಬರಿಗೆ ಆ ತಪ್ಪುಗಳಲ್ಲಿ ಬಹುಪಾಲು ಕಣ್ಣಿಗೇ ಬೀಳುವುದಿಲ್ಲ.

ಅಂಗಡಿಯಲ್ಲಿ ಪುಸ್ತಕ ಕೈಗೆತ್ತಿಕೊಂಡಾಗ ಬೆನ್ನುಪುಟ ಓದಿ. ಗೇಮಿಗೆ ಮುಂಚಿನ ಕತೆ ಅಂತಿದ್ದರೆ ಯೋಚಿಸದೆ ಕೊಳ್ಳಿ.