ಕ್ಯಾಶುವಲ್ಟಿಗೂ ಒಂದು ಕ್ಯಾಲೆಂಡರ್ ಉಂಟು

ಜನವರಿಯಲ್ಲಿ ಕುತ್ತಿಗೆ, ಮಳೆಗಾಲದಲ್ಲಿ ಕಾಲು, ಜನ್ಮಾಷ್ಟಮಿಗೆ ಬೆನ್ನುಮೂಳೆ, ದೀಪಾವಳಿಗೆ ಕೈ ಮತ್ತೆ ಕಣ್ಣು. ಮುಂಬಯಿಯ ಒಂದು ಮುನ್ಸಿಪಾಲಿಟಿ ಆಸ್ಪತ್ರೆಯ ಕ್ಯಾಶುವಲ್ಟಿಯಲ್ಲಿ ಸಿಸ್ಟರ್ ಆಗಿರೋ ನಮ್ಮ ಅತ್ತಿಗೆ ವರ್ಷ ಲೆಕ್ಕ ಹಾಕೋದು ಹೀಗೆ. ಸಂಕ್ರಾಂತಿ ಬಂತು ಅಂದ್ರೆ ಗಾಜಿನಪುಡಿ ಹಚ್ಚಿದ ನೈಲಾನ್ ಮಾಂಜಾ, ಅಂದ್ರೆ ಗಾಳಿಪಟದ ದಾರ, ಫ್ಲೈಓವರ್ ಮೇಲೆ ಅಡ್ಡ ಬಿದ್ದು ಬೈಕಿನವರ ಗಂಟಲು ಕೊಯ್ತದೆ, ಅದನ್ನ ಹಸಿರು ನ್ಯಾಯಮಂಡಳಿ 2017ರಲ್ಲೇ ಬ್ಯಾನ್ ಮಾಡಿದೆ, ಆದ್ರೂ ಸಿಗ್ತದೆ. ಮಳೆ ಶುರುವಾದ್ರೆ ಜಾರಿ ಬಿದ್ದವರು, ಗುಂಡಿಗೆ ಬಿದ್ದವರು, ಕಾಲಲ್ಲಿ ಗಾಯ ಇಟ್ಕೊಂಡು ಕೊಳಚೆ ನೀರಲ್ಲಿ ನಡೆದು ಒಂದು ವಾರ ಆದ್ಮೇಲೆ ಜ್ವರ ಅಂತ ಬರೋವ್ರು, ಅದು ಇಲಿ ಮೂತ್ರದಿಂದ ಹರಡೋ ಲೆಪ್ಟೋ.

ಪೇಶಂಟ್ ಜೊತೆ ಬಂದವರೆಲ್ಲ ಹೇಳೋದು ಮಾತ್ರ ಒಂದೇ ಮಾತು, "ಗ್ರಹಚಾರ ಮಾರಾಯ್ತಿ". ಅತ್ತಿಗೆಗೆ ಅದು ಕೇಳಿದ್ರೆ ಸಿಟ್ಟು ಬರ್ತದೆ. ಪ್ರತಿವರ್ಷ ಅದೇ ತಿಂಗಳು, ಅದೇ ರಸ್ತೆ, ಅದೇ ಥರದ ಗಾಯ ಬರ್ತದೆ ಅಂದ್ರೆ ಅದೆಂತ ಗ್ರಹಚಾರ, ಗ್ರಹಗಳಿಗೇನು ಈ ಊರಿನ ಟೈಮ್‌ಟೇಬಲ್ ಕೊಟ್ಟಿದ್ದಾರಾ ಅಂತ ಕೇಳ್ತಾಳೆ.

ವಿಜ್ಞಾನ ಈ ಗ್ರಹಚಾರದ ಮಾತನ್ನ ಬಿಟ್ಟದ್ದು ಒಬ್ಬ ಬಿದ್ದು ಬದುಕಿದವನಿಂದ. ಹ್ಯೂ ಡಿ ಹೇವನ್ ಅಂತ, 1917ರಲ್ಲಿ ಕೆನಡಾದಲ್ಲಿ ವಿಮಾನ ಓಡ್ಸೋ ಟ್ರೈನಿಂಗಲ್ಲಿದ್ದಾಗ ಎರಡು ವಿಮಾನ ಆಕಾಶದಲ್ಲೇ ಡಿಕ್ಕಿಯಾಗಿ ಕೆಳಗೆ ಬಿದ್ದ, ಹೊಟ್ಟೆಯೊಳಗೆಲ್ಲ ಪೆಟ್ಟಾದ್ರೂ ಉಳ್ಕೊಂಡ. ಎಲ್ರೂ ಪುಣ್ಯ ಅಂದ್ರು, ಇವನಿಗೆ ಮಾತ್ರ ಪೆಟ್ಟಾದ ಜಾಗ ನೋಡಿ ಇದು ಸೀಟ್ ಬೆಲ್ಟಿನ ಬಕಲ್‌ದೇ ಕೆಲಸ ಅನ್ನಿಸ್ತು. ಆಮೇಲೆ 50ರಿಂದ 150 ಅಡಿ ಎತ್ತರದಿಂದ ಬಿದ್ದೂ ಬದುಕಿದವರನ್ನೆಲ್ಲ ಹುಡುಕಿ ಲೆಕ್ಕ ಹಾಕಿ 1942ರಲ್ಲಿ ಒಂದು ಪೇಪರ್ ಬರೆದ. ಸಾರಾಂಶ ಏನಂದ್ರೆ ಕೊಲ್ಲೋದು ಎತ್ತರ ಅಲ್ಲ, ಕೊನೆಗೆ ಎಷ್ಟು ಜಾಗದಲ್ಲಿ ನಿಲ್ತೀರಿ ಅನ್ನೋದು. ಸಡಿಲ ಮಣ್ಣು, ತಗ್ಗುವ ತಗಡು ಏನಾದ್ರೂ ಸಿಕ್ಕಿ ನಿಲ್ಲೋಕೆ ನಾಲ್ಕಾರು ಇಂಚು ಹೆಚ್ಚು ಸಿಕ್ರೂ ಜೀವ ಉಳೀಬಹುದು.

ಇದನ್ನ ನಮ್ಮ ದಹಿಹಂಡಿಗೆ ಹಚ್ಚಿ ನೋಡಿ, ಜನ್ಮಾಷ್ಟಮಿಗೆ ಒಬ್ಬರ ಹೆಗಲ ಮೇಲೆ ಒಬ್ಬರು ಹತ್ತಿ ಮೇಲೆ ಕಟ್ಟಿದ ಮೊಸರುಗಡಿಗೆ ಒಡೆಯೋ ಆಟ. 20 ಅಡಿ ಅಂದ್ರೆ ಸುಮಾರು 6 ಮೀಟರ್, ಅಲ್ಲಿಂದ ಬಿದ್ದ ಹುಡುಗ ನೆಲ ಮುಟ್ಟುವಾಗ ಸ್ಪೀಡು ಗಂಟೆಗೆ ಹತ್ರಹತ್ರ 39 ಕಿಲೋಮೀಟರ್, ಅಂದ್ರೆ ಸ್ಕೂಟರ್ ಬ್ರೇಕೇ ಹಾಕದೆ ಗೋಡೆಗೆ ಗುದ್ದಿದ ಹಾಗೆ. ಆದ್ರೂ ಎಷ್ಟೋ ಮಂದಿ ಎದ್ದು ನಡ್ಕೊಂಡು ಹೋಗೋದು ಯಾಕಂದ್ರೆ ಅವರು ಬೀಳೋದು ನೆಲದ ಮೇಲಲ್ಲ, ಕೆಳಗಿನ ಸಾಲಿನವರ ಮೈಮೇಲೆ, ಆ ಮೆತ್ತನೆ ಮೈಗಳೇ ಡಿ ಹೇವನ್ ಹೇಳಿದ ನಾಲ್ಕಾರು ಇಂಚು. ಹಾಗಾಗಿ ಕ್ಯಾಶುವಲ್ಟಿಗೆ ಮೇಲೆ ಹತ್ತಿದ ಹುಡುಗನ ಜೊತೆ ಕೆಳಗೆ ನಿಂತವನೂ ಬರ್ತಾನೆ, ಮೇಲಿನವನ ವೇಗ ಎಲ್ಲ ತಗೊಂಡದ್ದು ಅವನ ಕುತ್ತಿಗೆ ಅಲ್ವಾ. 14 ವರ್ಷಕ್ಕಿಂತ ಸಣ್ಣ ಮಕ್ಕಳು ಬೇಡ ಅಂತ 2017ರಲ್ಲಿ ಬಾಂಬೆ ಹೈಕೋರ್ಟಲ್ಲಿ ತೀರ್ಮಾನ ಆಯ್ತು, ಎತ್ತರಕ್ಕೆ ಮಿತಿ ಬರಲಿಲ್ಲ. ನನ್ನ ಕೇಳಿದ್ರೆ ಎತ್ತರಕ್ಕೇ ಮಿತಿ ಮೊದಲು ಬೇಕಿತ್ತು.

ಈಗ ಲೋಕಲ್ ಟ್ರೇನಿನ ವಿಷಯ, ಮುಂಬಯಿಯಲ್ಲಿ ಇದನ್ನ ಬಿಟ್ಟು ಆಕ್ಸಿಡೆಂಟ್ ಬಗ್ಗೆ ಮಾತಾಡೋಕೇ ಆಗೋದಿಲ್ಲ. ಇಲ್ಲಿನ ಹಳಿಗಳ ಮೇಲೆ ವರ್ಷಕ್ಕೆ ಎರಡು ಸಾವಿರಕ್ಕಿಂತ ಹೆಚ್ಚು ಜನ ಸಾಯ್ತಾರೆ, ಅದರಲ್ಲಿ ದೊಡ್ಡ ಪಾಲು ಹಳಿ ದಾಟೋವಾಗ. ಟ್ರೇನ್ ಕಾಣ್ತಿದ್ರೂ ಜನ ಯಾಕೆ ದಾಟ್ತಾರೆ? ಸೊಕ್ಕು ಅಂತೀವಿ, ಓದಿಲ್ಲ ಅಂತೀವಿ. ಆದ್ರೆ ಕುರ್ಲಾದಲ್ಲೋ ಘಾಟ್ಕೋಪರಲ್ಲೋ ನಿಂತು ಏರ್‌ಪೋರ್ಟಿಗೆ ಇಳಿಯೋ ವಿಮಾನ ನೋಡಿದ್ದೀರಲ್ಲ, ಆಕಾಶದಲ್ಲಿ ತೂಗಾಡಿದ ಹಾಗೆ ಕಾಣ್ತದೆ, ನಿಜಕ್ಕೂ ಅದು ಗಂಟೆಗೆ ಇನ್ನೂರು ಕಿಲೋಮೀಟರ್ ಮೇಲೇ ಇರ್ತದೆ. ದೊಡ್ಡ ವಸ್ತು ನಮ್ಮ ಕಣ್ಣಿಗೆ ನಿಧಾನ ಕಾಣ್ತದೆ, ಇದನ್ನ 1985ರಲ್ಲಿ ಹರ್ಶೆಲ್ ಲೈಬೋವಿಟ್ಜ್ ಅನ್ನೋ ಮನಶ್ಶಾಸ್ತ್ರಜ್ಞ ರೈಲು ಹಳಿ ಸಾವುಗಳ ಬಗ್ಗೇನೇ ಬರೆದದ್ದು. ಅದರ ಮೇಲೆ ನೇರ ನಮ್ಮ ಕಡೆಗೇ ಬರೋ ಟ್ರೇನಿನ ವೇಗ ಗೊತ್ತಾಗೋದೇ ಇಲ್ಲ, ಅದು ಅಡ್ಡ ಹೋಗೋದಿಲ್ಲ, ಸುಮ್ನೆ ಸ್ವಲ್ಪ ಸ್ವಲ್ಪ ದೊಡ್ಡದಾಗ್ತಾ ಬರ್ತದೆ ಅಷ್ಟೆ. ಗಂಟೆಗೆ 72 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ 20 ಮೀಟರ್, ನೀವು ಚಪ್ಪಲಿ ಸರಿ ಮಾಡ್ಕೊಳ್ಳೋದ್ರಲ್ಲಿ 60 ಮೀಟರ್ ಹತ್ರ ಬಂದಾಗಿರ್ತದೆ.

2010ರ ಹೊತ್ತಿಗೆ ವಡಾಲಾ ಸ್ಟೇಷನ್ ಹತ್ರ ಫೈನಲ್ ಮೈಲ್ ಅನ್ನೋ ಕಂಪನಿಯವರು ರೈಲ್ವೆ ಜೊತೆ ಸೇರಿ ಒಂದು ಪ್ರಯೋಗ ಮಾಡಿದ್ರು, ನಂಗೆ ತುಂಬಾ ಇಷ್ಟವಾದದ್ದು ಇದು. ಹಳಿ ಕೆಳಗಿನ ಕೆಲವು ಸ್ಲೀಪರಿಗೆ ಹಳದಿ ಬಣ್ಣ ಬಳಿದ್ರು, ಆಗ ಟ್ರೇನ್ ಒಂದೊಂದೇ ಹಳದಿ ಪಟ್ಟಿ ನುಂಗ್ತಾ ಬರೋದು ಕಂಡು ವೇಗ ತಾನಾಗೇ ಗೊತ್ತಾಗ್ತದೆ. ಹಾರ್ನನ್ನ ಉದ್ದಕ್ಕೆ ಊದೋ ಬದಲು ಎರಡು ಗಿಡ್ಡ ಸಲ ಹೊಡೆಯೋಕೆ ಹೇಳಿದ್ರು, ಯಾಕಂದ್ರೆ ಉದ್ದ ಸದ್ದಿಗೆ ಕಿವಿ ಒಗ್ಗಿಹೋಗ್ತದೆ, ನಡುವಿನ ಗ್ಯಾಪ್ ಇದ್ರೆ ಮಿದುಳು ಎಚ್ಚರ ಆಗ್ತದೆ. ಮತ್ತೆ ಹಳಿ ದಾಟೋ ಜಾಗದಲ್ಲೇ ಟ್ರೇನಿನಡಿ ಸಿಕ್ಕಿಬೀಳೋ ಮನುಷ್ಯನ ಭಯದ ಮುಖದ ಫೋಟೋ ಹಾಕಿದ್ರು. ದಂಡದ ಬೋರ್ಡು, ಬುದ್ಧಿಮಾತು ಯಾವುದೂ ಇಲ್ಲ, ಆದ್ರೂ ಅಲ್ಲಿ ಸಾವು ಕಮ್ಮಿ ಆಯ್ತು. 2017ರ ಆಗಸ್ಟ್ 29ರ ಮಳೆಗೆ ಡಾಕ್ಟರ್ ದೀಪಕ್ ಅಮರಾಪುರ್ಕರ್ ತೆರೆದ ಮ್ಯಾನ್‌ಹೋಲಿಗೆ ಬಿದ್ದು ತೀರ್ಕೊಂಡ ಮೇಲೆ ಮುಚ್ಚಳದ ಕೆಳಗೆ ಕಬ್ಬಿಣದ ಜಾಲರಿ ಹಾಕೋಕೆ ಶುರು ಮಾಡಿದ್ದೂ ಇದೇ ಜಾತಿ ಕೆಲಸ. ಇಷ್ಟು ದೊಡ್ಡ ಡಾಕ್ಟರೇ ಹೋಗ್ಬೇಕಾಯ್ತು ಅದಕ್ಕೆ, ಇರ್ಲಿ.

ಕ್ಯಾಶುವಲ್ಟಿಯ ರಿಜಿಸ್ಟರಲ್ಲಿ ಇಂಥ ಸುಳಿವು ರಾಶಿ ಬಿದ್ದಿರ್ತದೆ. ನಮ್ಮಲ್ಲಿ ಆ ಎಮ್ಮೆಲ್ಸಿ, ಅಂದ್ರೆ ಮೆಡಿಕೋ-ಲೀಗಲ್ ಕೇಸಿನ ದಾಖಲೆ, ಬರೆಯೋದು ಪೊಲೀಸರಿಗೆ, ಕೇಸಿಗೆ. ಬ್ರಿಟನ್ನಿನ ಕಾರ್ಡಿಫಲ್ಲಿ ಜಾನಥನ್ ಶೆಪರ್ಡ್ ಅನ್ನೋ ಮುಖದ ಸರ್ಜನ್, ಜಗಳದಲ್ಲಿ ಪೆಟ್ಟಾಗಿ ಬಂದವರ ಹತ್ರ ಹೊಡೆತ ಬಿದ್ದದ್ದು ಎಲ್ಲಿ, ಯಾವ ಹೊತ್ತಿಗೆ, ಯಾತರಿಂದ ಅಂತಷ್ಟೇ ಕೇಳಿ ಹೆಸರಿಲ್ಲದೆ ಬರೆಸೋಕೆ ಹಿಡಿದ್ರು, ನೋಡಿದ್ರೆ ಎಷ್ಟೋ ಕೇಸು ಪೊಲೀಸರ ಪುಸ್ತಕದಲ್ಲೇ ಇರ್ಲಿಲ್ಲ. ಒಡೆದ ಬಿಯರ್ ಗ್ಲಾಸು ಮುಖ ಕೊಯ್ಯೋದು ಗೊತ್ತಾಗಿ ಗಟ್ಟಿ ಗ್ಲಾಸಿಗೆ ಒತ್ತಾಯ ಶುರುವಾದದ್ದೂ ಅವರ ಕೆಲಸದಿಂದಲೇ. ಒಂದು ಮಾತು ಇಲ್ಲಿ ಹೇಳ್ಬೇಕು, ಕ್ಯಾಶುವಲ್ಟಿಗೆ ಎಲ್ಲವೂ ಕಾಣೋದಿಲ್ಲ. ಸ್ಥಳದಲ್ಲೇ ಸತ್ತವರು ನೇರ ಪೋಸ್ಟ್‌ಮಾರ್ಟಮಿಗೆ ಹೋಗ್ತಾರೆ, ಸ್ವಲ್ಪದರಲ್ಲಿ ಪಾರಾದವರು ಮನೆಗೆ, ಅತ್ತಿಗೆಗೆ ಸಿಗೋದು ನಡುವಿನವರು ಮಾತ್ರ.

ಆ ನಡುವಿನವರಲ್ಲಿ ಅವಳಿಗೆ ಹೆದರಿಕೆ ರಕ್ತ ಸೋರ್ತಾ ಬಂದವರಿಗಿಂತ "ನಂಗೇನೂ ಆಗಿಲ್ಲ ಸಿಸ್ಟರ್, ಮನೆಗೆ ಬಿಡಿ" ಅನ್ನೋವ್ರದ್ದು. ಕಿವಿಯ ಮೇಲೆ ಸ್ವಲ್ಪ ಮುಂದೆ ತಲೆಬುರುಡೆ ತೆಳು, ಅದರ ಒಳಮೈಗೆ ಅಂಟಿಕೊಂಡೇ ಒಂದು ರಕ್ತನಾಳ ಹೋಗ್ತದೆ. ಅಲ್ಲಿ ಪೆಟ್ಟು ಬಿದ್ರೆ ಒಂದ್ನಿಮಿಷ ಎಚ್ಚರ ತಪ್ಪಿ ಮತ್ತೆ ಸರಿ ಆಗ್ತಾರೆ, ಚಾ ಕುಡೀತಾರೆ, ಫೋನ್ ಮಾಡ್ತಾರೆ, ಒಳಗೆ ಮಾತ್ರ ರಕ್ತ ತುಂಬ್ತಾ ಮಿದುಳನ್ನ ಒತ್ತುತಾ ಇರ್ತದೆ, ಕೆಲವು ಗಂಟೆ ಆದ್ಮೇಲೆ ನಿದ್ದೆ ಬರ್ತದೆ ಅಂತ ಮಲಗಿದವರು ಏಳೋದಿಲ್ಲ. ಬೇಗ ಸಿಟಿ ಸ್ಕ್ಯಾನ್ ಆಗಿ ರಕ್ತ ತೆಗೆದ್ರೆ ಪೂರ್ತಿ ಹುಷಾರಾಗೋವ್ರೂ ಇವರೇ. ಹಾಗಾಗಿ ತಲೆಗೆ ಪೆಟ್ಟಾದ ಮೇಲೆ ಪದೇ ಪದೇ ವಾಂತಿ, ಹೆಚ್ಚಾಗ್ತಾ ಹೋಗೋ ತಲೆನೋವು, ಮಂಪರು, ತೊದಲು, ಒಂದು ಕಣ್ಣಿನ ಪಾಪೆ ದೊಡ್ಡದು, ಇದರಲ್ಲಿ ಒಂದು ಕಂಡ್ರೂ ಓಡ್ಬೇಕು, ರಕ್ತ ತೆಳು ಮಾಡೋ ಮಾತ್ರೆ ತಿನ್ನೋ ವಯಸ್ಸಾದವರಾದ್ರೆ ಇದೆಲ್ಲ ಕಾಣೋ ತನಕ ಕಾಯೋದೂ ಬೇಡ.

ಹೆಲ್ಮೆಟ್ ಅಂದ್ರೆ ಎಲ್ರಿಗೂ ಬೋರು, ಸಣ್ಣದಾಗಿ ಹೇಳ್ತೇನೆ. ಹಲವು ಅಧ್ಯಯನ ಸೇರಿಸಿ ನೋಡಿದ್ರೆ ಅದು ಸಾವನ್ನ ಸುಮಾರು 42%, ತಲೆಪೆಟ್ಟನ್ನ 69% ಕಮ್ಮಿ ಮಾಡ್ತದೆ. ಕೆಲಸ ಮಾಡೋದು ಒಳಗಿನ ಥರ್ಮೋಕೋಲ್, ಅದು ಜಜ್ಜಿಹೋಗಿ ಅದೇ ನಾಲ್ಕಾರು ಇಂಚಿನ ಕೆಲಸ ಒಂದು ಇಂಚಲ್ಲಿ ಮಾಡ್ತದೆ. ಒಮ್ಮೆ ಗುದ್ದಿದ ಹೆಲ್ಮೆಟ್ ಹೊರಗಿಂದ ಚಂದ ಇದ್ರೂ ಪ್ರಯೋಜನ ಇಲ್ಲ, ಮತ್ತೆ ಪಟ್ಟಿ ಹಾಕದಿದ್ರೆ ತಲೆಗಿಂತ ಮೊದಲು ಹಾರಿಹೋಗೋದು ಅದೇ.

ಅಡುಗೆಮನೆಯಿಂದ ಬರೋವ್ರದ್ದು ಇನ್ನೊಂದು ಕತೆ. ನಮ್ಮವರಲ್ಲಿ ಹೋಟೆಲ್ ಕೆಲಸದವರು ಜಾಸ್ತಿ, ಎಣ್ಣೆ ಸಿಡಿದು, ಸಾಂಬಾರಿನ ಪಾತ್ರೆ ಮಗುಚಿ ಬರ್ತಾರೆ, ಬರುವಾಗ ಸುಟ್ಟ ಜಾಗಕ್ಕೆ ಟೂತ್‌ಪೇಸ್ಟೋ ಅರಸಿನವೋ ಕಾಫಿಪುಡಿಯೋ ಮೆತ್ತಿಕೊಂಡಿರ್ತಾರೆ. ಸುಟ್ಟದ್ದು ಎಷ್ಟು ಆಳ ಅಂತ ನೋಡೋಕೆ ಡಾಕ್ಟರು ಅದನ್ನೆಲ್ಲ ಕೆರೆದು ತೆಗೀಬೇಕು, ಆಗಿನ ಬೊಬ್ಬೆ ವಾರ್ಡಿಗೆಲ್ಲ ಕೇಳ್ತದೆ. ಚರ್ಮ ಮುಟ್ಟಿದ ಬಿಸಿ ಒಲೆಯಿಂದ ದೂರ ಬಂದ್ರೂ ಒಳಗೆ ಇಳೀತಾನೇ ಇರ್ತದೆ, ಅದನ್ನ ಎಳೆಯೋದು ನಳ್ಳಿ ನೀರು ಮಾತ್ರ, ಪೂರ್ತಿ 20 ನಿಮಿಷ. ಐಸ್ ಬೇಡ, ರಕ್ತನಾಳ ಮುದುಡಿ ಗಾಯ ಹೆಚ್ಚಾಗ್ತದೆ. ಬೆರಳೇ ತುಂಡಾಗಿದ್ರೆ ಅದನ್ನೂ ಐಸಿಗೆ ಹಾಕ್ಬೇಡಿ, ಒದ್ದೆ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ತೊಟ್ಟೆಗೆ ಹಾಕಿ ಗಟ್ಟಿ ಕಟ್ಟಿ, ಆ ತೊಟ್ಟೆಯನ್ನ ಐಸಲ್ಲಿಡಿ.

ರಸ್ತೆಯಲ್ಲಿ ಬಿದ್ದವರನ್ನ ಎತ್ತೋಕೆ ಈಗಲೂ ಜನ ಪೊಲೀಸಿಗೆ ಹೆದರ್ತಾರೆ. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ 134ಎ ಅಂತ ಸೆಕ್ಷನ್ ಬಂದಿದೆ, ಒಳ್ಳೇ ಮನಸ್ಸಿಂದ ಸಹಾಯ ಮಾಡಿದವರ ಮೇಲೆ ಕೇಸ್ ಹಾಕೋ ಹಾಗಿಲ್ಲ, ಹೆಸರು ಹೇಳಿ ಅಂತ ಒತ್ತಾಯ ಮಾಡೋ ಹಾಗೂ ಇಲ್ಲ. 108ಕ್ಕೆ ಫೋನ್ ಹೊಡೆದ್ರೆ ಆಂಬುಲೆನ್ಸ್. ಅತ್ತಿಗೆಯ ತಕರಾರು ಬೇರೆ, ತಂದುಬಿಟ್ಟವರು ಸ್ಟ್ರೆಚರ್ ಬಿಟ್ಟ ಕೂಡ್ಲೆ ಮಾಯ ಆಗ್ತಾರೆ ಅಂತ. ಅವಳಿಗೆ ಬೇಕಾದದ್ದು ಅವರ ಹೆಸರಲ್ಲ, ಬಿದ್ದದ್ದು ಎಷ್ಟು ಗಂಟೆಗೆ, ಆಗ ಮಾತಾಡ್ತಿದ್ರಾ, ದಾರಿಯಲ್ಲಿ ವಾಂತಿ ಆಯ್ತಾ, ಕಿಸೆಯಲ್ಲಿ ಮಾತ್ರೆ ಏನಾದ್ರೂ ಇತ್ತಾ, ಇಷ್ಟೇ.