ಹೊಟ್ಟೆ ತುಂಬ ಮೊಟ್ಟೆ, ಆದರೂ ಇಡದ ಮೀನು

ಮಳೆಗಾಲದ ಶುರುವಿನಲ್ಲಿ ಸಾಕಿದ ಹೆಣ್ಣು ಮುರುಗೋಡನ್ನು ಕೈಗೆತ್ತಿಕೊಂಡು ನೋಡಿ. ಹೊಟ್ಟೆ ಉಬ್ಬಿ ಮೆತ್ತಗಾಗಿರುತ್ತದೆ. ಮೊಟ್ಟೆ ಹೊರಬರುವ ಜಾಗದ ಚಿಕ್ಕ ಉಬ್ಬು ದುಂಡಗೆ, ಕೆಂಪಗೆ ಕಾಣುತ್ತದೆ. ಗಂಡಿನಲ್ಲಾದರೆ ಅದು ಉದ್ದ, ಚೂಪು. ಮಾಗೂರ್ ಅಂತಲೂ ಕರೆಯುವ ಈ ಮೀಸೆ ಮೀನಿನ ಒಳಗೆ ಸಾವಿರಾರು ಮೊಟ್ಟೆಗಳು ಬಲಿತು ಕೂತಿವೆ. ಗಂಡೂ ಅದೇ ತೊಟ್ಟಿಯಲ್ಲಿದೆ. ಆದರೂ ಹೆಣ್ಣು ಸಾಮಾನ್ಯವಾಗಿ ಮೊಟ್ಟೆ ಇಡುವುದಿಲ್ಲ.

ಮೇವು ಕಡಿಮೆಯಾಯಿತೇನೋ ಅಂತ ಅನ್ನಿಸಬಹುದು. ಹಾಗೇನಿಲ್ಲ. ಮೊಟ್ಟೆ ಬೆಳೆಯುವ ಕೆಲಸ ತೊಟ್ಟಿಯಲ್ಲೂ ಚೆನ್ನಾಗಿಯೇ ನಡೆಯುತ್ತದೆ. ಅಂಡಾಶಯದಿಂದ ಈಸ್ಟ್ರಡಯಾಲ್ ಎಂಬ ಹಾರ್ಮೋನು ರಕ್ತಕ್ಕೆ ಸೇರುತ್ತದೆ. ಅದು ಮುಟ್ಟಿದ ಕೂಡಲೇ ಲಿವರ್ ವಿಟೆಲೊಜೆನಿನ್ ಎಂಬ ಪ್ರೋಟೀನ್ ತಯಾರಿಸತೊಡಗುತ್ತದೆ. ಆ ಪ್ರೋಟೀನ್ ರಕ್ತದಲ್ಲಿ ಹರಿದು ಬಂದು ಮೊಟ್ಟೆಯೊಳಗೆ ಸೇರಿ ಹಳದಿ ಭಾಗವಾಗುತ್ತದೆ. ಅಂದರೆ ಮರಿಯ ಮೊದಲ ಊಟ ತಯಾರಾಗುವುದು ತಾಯಿಯ ಲಿವರ್‌ನಲ್ಲಿ!

ಕೆಲಸ ನಿಲ್ಲುವುದು ಕೊನೆಯ ಹೆಜ್ಜೆಯಲ್ಲಿ. ಮೊಟ್ಟೆ ಕಳಚಿಕೊಳ್ಳಬೇಕಾದರೆ ಮಿದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿ ಎಲ್‌ಎಚ್ ಹಾರ್ಮೋನನ್ನು ಒಮ್ಮೆಲೇ ಜಾಸ್ತಿ ಸುರಿಸಬೇಕು. ಸುರಿಸು ಅನ್ನುವುದು ಮಿದುಳಿನ ಜಿಎನ್‌ಆರ್‌ಎಚ್ ಎಂಬ ಹಾರ್ಮೋನು. ಬೇಡ ಅನ್ನುವುದು ಅದೇ ಮಿದುಳಿನ ಡೋಪಮಿನ್ ಎಂಬ ರಾಸಾಯನಿಕ. ಹ್ಯಾಂಡ್ ಬ್ರೇಕ್ ಎಳೆದಿಟ್ಟು ಆಕ್ಸಿಲರೇಟರ್ ಒತ್ತಿದರೆ ಗಾಡಿ ಮುಂದೆ ಹೋಗುತ್ತದೆಯೇ? ಹೊಳೆ ಗದ್ದೆಗಳಲ್ಲಿ ಹೊಸ ಮಳೆ ನೀರು ಏರಿ, ಬದುಗಳು ಮುಳುಗಿದಾಗ ಈ ಬ್ರೇಕ್ ಸಡಿಲವಾಗುತ್ತದೆ. ಸಿಮೆಂಟ್ ತೊಟ್ಟಿಯಲ್ಲಿ ಆ ಸೂಚನೆಗಳೇ ಇಲ್ಲ.

ಇದಕ್ಕೆ ಮೊದಲು ಸಿಕ್ಕ ದಾರಿ, ಬೇರೆ ಮೀನಿನ ಪಿಟ್ಯುಟರಿಯನ್ನೇ ತೆಗೆದು ಅರೆದು ಚುಚ್ಚುವುದು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಮೀನು ವಿಜ್ಞಾನಿಗಳಾದ ಹೀರಾಲಾಲ್ ಚೌಧುರಿ ಮತ್ತು ಅಲಿಕುಂಞಿ ಹೀಗೆಯೇ ಗೆಂಡೆ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸಿದರು. ಆ ದಿನವನ್ನು ಈಗ ದೇಶದಲ್ಲಿ ಮೀನು ಕೃಷಿಕರ ದಿನವಾಗಿ ಆಚರಿಸುತ್ತಾರೆ. ಆಮೇಲೆ ವಿಜ್ಞಾನಿಗಳಾದ ಕೆನಡಾದ ರಿಚರ್ಡ್ ಪೀಟರ್ ಮತ್ತು ಚೀನಾದ ಲಿನ್ ಹಾವೊರಾನ್ ಇನ್ನೂ ಜಾಣತನದ ದಾರಿ ತೋರಿಸಿದರು. ಜಿಎನ್‌ಆರ್‌ಎಚ್‌ನಂತೆ ಕೆಲಸ ಮಾಡುವ ವಸ್ತುವಿನ ಜೊತೆಗೇ ಡೋಪಮಿನ್ ತಡೆಯುವ ಔಷಧವನ್ನೂ ಕೊಡುವುದು. ಇವತ್ತು ಮರಿ ಉತ್ಪಾದನಾ ಕೇಂದ್ರಗಳಲ್ಲಿ ಬಳಸುವ ಓವಾಪ್ರಿಮ್ ಎಂಬ ಚುಚ್ಚುಮದ್ದಿನಲ್ಲಿ ಇರುವುದು ಇದೇ ಜೋಡಿ. ತಮಾಷೆಯೆಂದರೆ ಅದರಲ್ಲಿ ಡೋಪಮಿನ್ ತಡೆಯುವ ಡಾಂಪೆರಿಡೋನ್ ನಾವು ವಾಂತಿ ನಿಲ್ಲಲು ನುಂಗುವ ಮಾತ್ರೆಯಲ್ಲೂ ಇದೆ.

ಚುಚ್ಚುಮದ್ದು ಕೊಟ್ಟ ಮೇಲೆ ಎಲ್ಲ ಗಡಿಯಾರದ ಆಟ. ಎಲ್‌ಎಚ್ ಏರುತ್ತದೆ, ಅಂಡಾಶಯ ಇನ್ನೊಂದು ಸ್ಟೆರಾಯ್ಡ್ ಹಾರ್ಮೋನು ಮಾಡುತ್ತದೆ. ಮೊಟ್ಟೆಯ ನಡುವಿದ್ದ ಕೋಶಕೇಂದ್ರ ಅಂಚಿಗೆ ಸರಿದು ಕರಗುತ್ತದೆ. ಆಮೇಲೆ ಮೊಟ್ಟೆ ತನ್ನ ಹೊದಿಕೆಯಿಂದ ಕಳಚಿಕೊಳ್ಳುತ್ತದೆ. ಇದಕ್ಕೆಷ್ಟು ಹೊತ್ತು ಅನ್ನುವುದನ್ನು ಹೇಳುವುದು ನೀರಿನ ಬಿಸಿ. ಮುರುಗೋಡಿನ ದಾಯಾದಿ ಆಫ್ರಿಕನ್ ಕ್ಯಾಟ್‌ಫಿಶ್‌ನಲ್ಲಿ 20 ಡಿಗ್ರಿಯಲ್ಲಿ ಸುಮಾರು 21 ಗಂಟೆ, 25ರಲ್ಲಿ 11, 30ರಲ್ಲಿ 7. ಮೊಟ್ಟೆ ಕಳಚಿದ ಮೇಲೆ ಹೊಟ್ಟೆ ಒತ್ತಿ ಅದನ್ನು ಹೊರತೆಗೆಯಬೇಕು. ಅವಸರಪಟ್ಟು ಒತ್ತಿದರೆ ಮೊಟ್ಟೆ ಬರುವುದಿಲ್ಲ, ಮೀನಿಗೆ ಗಾಯವಾಗುತ್ತದೆ ಅಷ್ಟೆ. ತಡ ಮಾಡಿದರೆ ಕಳಚಿದ ಮೊಟ್ಟೆಗಳು ಒಳಗೇ ಅತಿಯಾಗಿ ಬಲಿತು ಹಾಳಾಗುತ್ತವೆ. ಗಂಡಿನ ಪಾಡು ಇನ್ನೂ ಕಷ್ಟ. ಹೊಟ್ಟೆ ಒತ್ತಿದರೆ ಅದರಿಂದ ವೀರ್ಯ ಸಿಗುವುದಿಲ್ಲ. ಹಾಗಾಗಿ ಸಾಮಾನ್ಯವಾಗಿ ಅದನ್ನು ಕೊಂದೇ ವೃಷಣ ತೆಗೆಯುತ್ತಾರೆ.

ಮಳೆಯೂ ಇಲ್ಲ, ಸೂಜಿಯೂ ಇಲ್ಲ ಅಂದರೆ ಮೊಟ್ಟೆಗಳು ಏನಾಗುತ್ತವೆ? ಹೊದಿಕೆಯ ಜೀವಕೋಶಗಳೇ ಹಳದಿಯನ್ನು ಕರಗಿಸಿ ವಾಪಸ್ ಹೀರಿಕೊಳ್ಳುತ್ತವೆ. ಕಾಲ ಮೀರಿದ ಮೇಲೆ ಹೊಟ್ಟೆ ಜೋತುಬಿದ್ದ ಹೆಣ್ಣಿಗೆ ಚುಚ್ಚಿದರೆ ಔಷಧದ ಖರ್ಚು ದಂಡ, ಅಷ್ಟೆ.