ತಪ್ಪು ಮಾಡಿದವರ ಮಾನ ಎಲ್ಲರೆದುರು ಹರಾಜಾದರೆ ಬುದ್ಧಿ ಬರುತ್ತಾ?

ಪ್ರಶ್ನೆ: ಒಬ್ಬರು ಮಾಡಿದ ತಪ್ಪು ವಿಡಿಯೊದಲ್ಲಿ ಕಣ್ಣಿಗೆ ಕಾಣ್ತಾ ಇರುತ್ತೆ. ಅದನ್ನು ಶೇರ್ ಮಾಡಿ ನಾಲ್ಕು ಮಾತು ಉಗಿದರೆ ತಪ್ಪೇನು? ಪೊಲೀಸು, ಕೋರ್ಟು ಅಂತ ಹೋದರೆ ವರ್ಷಗಟ್ಟಲೆ ಅಲೆಯಬೇಕು. ಹೀಗಾದರೂ ಅವರಿಗೆ ಬುದ್ಧಿ ಬರಲ್ವಾ?

ಉತ್ತರ: 2021ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ನಡೆದದ್ದು ನಿಮಗೂ ನೆನಪಿರಬಹುದು. ಎಲೆಕ್ಟ್ರಾನಿಕ್ ಸಿಟಿ ಕಡೆಯ ಒಬ್ಬ ಯುವತಿ ಜೊಮ್ಯಾಟೊದಲ್ಲಿ ಊಟ ತರಿಸಿದ್ದರು. ಊಟ ಬರುವುದು ತಡವಾಯಿತು. ಬಾಗಿಲಲ್ಲೇ ಮಾತಿಗೆ ಮಾತು ಬೆಳೆಯಿತು. ಆಮೇಲೆ ರಕ್ತ ಸೋರುತ್ತಿದ್ದ ಮೂಗು ತೋರಿಸಿ, ಡೆಲಿವರಿಗೆ ಬಂದವನು ಗುದ್ದಿದ ಎಂದು ಅವರು ವಿಡಿಯೊ ಹಾಕಿದರು. ಅದು ದೇಶವೆಲ್ಲ ಹರಡಿತು. ಜನ ಅವನನ್ನು ಬಾಯಿಗೆ ಬಂದಂತೆ ಬೈದರು. ಪೊಲೀಸರು ಬಂಧಿಸಿದರು, ಕಂಪನಿ ಕೆಲಸದಿಂದ ದೂರ ಇಟ್ಟಿತು.

ಎರಡೇ ದಿನದಲ್ಲಿ ಅವನ ಮಾತೂ ಹೊರಬಂತು. ನಾನು ಹೊಡೆದಿಲ್ಲ, ಅವರೇ ಚಪ್ಪಲಿಯಲ್ಲಿ ಹೊಡೆದರು, ತಡೆಯಲು ಹೋದಾಗ ಅವರ ಉಂಗುರವೇ ಮೂಗಿಗೆ ತಾಗಿತು ಎಂದು ಅಳುತ್ತಾ ಹೇಳಿದ. ಅವನು 5000 ಡೆಲಿವರಿ ಮಾಡಿದ್ದಾನೆ, ರೇಟಿಂಗ್ 5ಕ್ಕೆ 4.75 ಇದೆ ಎಂದು ಕಂಪನಿಯೂ ಹೇಳಿತು. ಅವನ ಕೋರ್ಟ್ ಖರ್ಚು, ಆಕೆಯ ಆಸ್ಪತ್ರೆ ಖರ್ಚು ಎರಡನ್ನೂ ತಾನೇ ಕೊಡುವುದಾಗಿ ತಿಳಿಸಿತು. ಆಗ ಗುಂಪು ಉಲ್ಟಾ ತಿರುಗಿತು. ಈ ಸಲ ಗುರಿ ಆ ಯುವತಿ. ಅವರ ಮನೆ ವಿಳಾಸ ಫೋನಿಂದ ಫೋನಿಗೆ ಹರಿದಾಡಿತು. ಅವನ ದೂರಿನ ಮೇಲೆ ಅವರ ಮೇಲೂ ಎಫ್‌ಐಆರ್ ಆಯಿತು.

ಬೈದವರಲ್ಲಿ ಒಬ್ಬರೂ ಆ ಬಾಗಿಲ ಹತ್ತಿರ ಇರಲಿಲ್ಲ. ಕಣ್ಣಿಗೆ ಕಂಡಿದ್ದು ರಕ್ತ ಮಾತ್ರ. ಅದು ಹೇಗೆ ಬಂತು ಅನ್ನುವುದು ವಿಡಿಯೊದಲ್ಲಿ ಇರಲೇ ಇಲ್ಲ. ಆದರೂ ಒಂದೇ ವಾರದಲ್ಲಿ ಜನ ಎರಡು ತೀರ್ಪು ಕೊಟ್ಟರು, ಒಂದಕ್ಕೊಂದು ತದ್ವಿರುದ್ಧ. ಶಿಕ್ಷೆ ಮಾತ್ರ ಇಬ್ಬರಿಗೂ ಆಯಿತು. ‘ಕಣ್ಣಿಗೆ ಕಾಣ್ತಾ ಇರುತ್ತೆ’ ಅಂತ ಕೇಳಿದ್ದೀರಲ್ಲ, ಅದಕ್ಕೇ ಇದನ್ನು ಇಷ್ಟು ವಿವರವಾಗಿ ಹೇಳಿದೆ.

ಕೋರ್ಟು ನಿಧಾನ ಅನ್ನುವುದು ನಿಜ. ಆದರೆ ಆ ನಿಧಾನದ ಪೆಟ್ಟು ಆರೋಪ ಹೊತ್ತವರಿಗೂ ಬೀಳುತ್ತದೆ. 2015ರ ಆಗಸ್ಟ್‌ನಲ್ಲಿ ದೆಹಲಿಯ ತಿಲಕ್ ನಗರದ ಸಿಗ್ನಲ್ ಬಳಿ ತನ್ನೊಡನೆ ಕೆಟ್ಟದಾಗಿ ಮಾತಾಡಿದ ಎಂದು ಒಬ್ಬ ಯುವತಿ ಬೈಕ್ ಸವಾರನ ಫೋಟೊ ಫೇಸ್‌ಬುಕ್‌ಗೆ ಹಾಕಿದರು. ಟಿವಿಗಳು ಅವತ್ತೇ ಅವನನ್ನು ಅಪರಾಧಿ ಮಾಡಿಬಿಟ್ಟವು. ಕೋರ್ಟ್ ಅವನನ್ನು ಖುಲಾಸೆ ಮಾಡಿದ್ದು 2019ರ ಅಕ್ಟೋಬರ್‌ನಲ್ಲಿ. ಅಷ್ಟರಲ್ಲಿ ಅವನ ಕೆಲಸ ಹೋಗಿತ್ತು. ಫೋಟೊ ಶೇರ್ ಮಾಡಿದವರಲ್ಲಿ ಎಷ್ಟು ಜನ ಖುಲಾಸೆಯ ಸುದ್ದಿಯನ್ನೂ ಶೇರ್ ಮಾಡಿದರು ಹೇಳಿ?

ಸರಿ, ತಪ್ಪು ನಿಜವಾಗಿಯೂ ಆಗಿದೆ ಅಂತಲೇ ಇಟ್ಟುಕೊಳ್ಳೋಣ. ಆಗಲಾದರೂ ಬುದ್ಧಿ ಬರುತ್ತಾ? ಅಮೆರಿಕದ ಮನಶ್ಶಾಸ್ತ್ರಜ್ಞೆ ಜೂನ್ ಟ್ಯಾಂಗ್ನಿ ಈ ವಿಷಯದ ಮೇಲೆ ತುಂಬಾ ವರ್ಷ ಕೆಲಸ ಮಾಡಿದ್ದಾರೆ. ‘ನಾನು ಮಾಡಿದ್ದು ತಪ್ಪು’ ಅನ್ನಿಸುವುದು ಬೇರೆ, ‘ನಾನೇ ಕೆಟ್ಟವನು’ ಅನ್ನಿಸುವುದು ಬೇರೆ ಎನ್ನುತ್ತಾರೆ ಅವರು. ಮೊದಲನೆಯದರಲ್ಲಿ ಮನುಷ್ಯ ಕ್ಷಮೆ ಕೇಳುತ್ತಾನೆ, ಸರಿಪಡಿಸಲು ನೋಡುತ್ತಾನೆ. ಎರಡನೆಯದರಲ್ಲಿ ಬಚ್ಚಿಟ್ಟುಕೊಳ್ಳುತ್ತಾನೆ, ಇಲ್ಲವೇ ಬೇರೆಯವರ ಮೇಲೆ ಗೂಬೆ ಕೂರಿಸುತ್ತಾನೆ. ಅವರ ತಂಡ ಜೈಲಿನಲ್ಲಿದ್ದ 476 ಜನರನ್ನು ಮಾತಾಡಿಸಿ, ಬಿಡುಗಡೆಯಾದ ಮೇಲೂ ಗಮನಿಸಿ 2014ರಲ್ಲಿ ಅಧ್ಯಯನ ಪ್ರಕಟಿಸಿತು. ಮಾಡಿದ್ದು ತಪ್ಪು ಎಂದು ಮನಸ್ಸಿಗೆ ಚುಚ್ಚುವವರು ಮತ್ತೆ ಅಪರಾಧ ಮಾಡುವ ಸಾಧ್ಯತೆ ಕಡಿಮೆ ಇತ್ತು. ಅವಮಾನದಿಂದ ಕುದ್ದು ಬೇರೆಯವರನ್ನು ದೂರುವವರ ವಿಷಯದಲ್ಲಿ ಆ ಸಾಧ್ಯತೆ ಜಾಸ್ತಿಯೇ ಇತ್ತು. ಸಾವಿರಾರು ಜನ ಸೇರಿ ಉಗಿಯುವಾಗ ನಾವು ಈ ಎರಡನೆಯದನ್ನೇ ಬೆಳೆಸುತ್ತೇವೆ ಅನ್ನುವುದು ನನ್ನ ಅನಿಸಿಕೆ.

ಹಳ್ಳಿಯ ಪಂಚಾಯ್ತಿ ಕಟ್ಟೆಯಲ್ಲೂ ನಾಲ್ಕು ಜನರ ಮುಂದೆ ಛೀಮಾರಿ ಹಾಕುತ್ತಿದ್ದರು. ಕಟ್ಟೆಯನ್ನು ನಾನು ಹೊಗಳುತ್ತಿಲ್ಲ. ಬಹಿಷ್ಕಾರದ ಹೆಸರಲ್ಲಿ ದಲಿತ ಕುಟುಂಬಗಳಿಗೆ ನೀರು, ಅಂಗಡಿ, ಕೂಲಿ ನಿಲ್ಲಿಸಿದ್ದೂ ಅದೇ ಕಟ್ಟೆಗಳು. ಆದರೆ ಸಣ್ಣಪುಟ್ಟ ಜಗಳದಲ್ಲಿ ತಪ್ಪು ಕಾಣಿಕೆ ಕಟ್ಟಿದರೆ ವಿಷಯ ಅಲ್ಲಿಗೆ ಮುಗಿಯುತ್ತಿತ್ತು. ಮಾರನೇ ದಿನ ಅವನೂ ಅದೇ ಬಾವಿಗೆ ನೀರಿಗೆ ಬರುತ್ತಿದ್ದ. ಆನ್‌ಲೈನ್‌ನಲ್ಲಿ ‘ಇಷ್ಟು ಸಾಕು’ ಅನ್ನುವವರು ಯಾರೂ ಇಲ್ಲ. ಕ್ಷಮೆ ಕೇಳಿದರೆ ನಾಟಕ, ಕೇಳದಿದ್ದರೆ ಕೊಬ್ಬು. ಪ್ರತಿಯೊಬ್ಬರೂ ಹಾಕಿದ್ದು ಒಂದೇ ಒಂದು ಕಾಮೆಂಟ್. ಆದರೆ ಅತ್ತ ಕಡೆ ಇರುವವನು ಅಷ್ಟನ್ನೂ ಒಬ್ಬನೇ ಓದಬೇಕು. ಹತ್ತು ವರ್ಷ ಬಿಟ್ಟು ಕೆಲಸ ಕೊಡುವವರು ಹೆಸರು ಹುಡುಕಿದರೂ ಮೊದಲು ಸಿಗುವುದು ಅದೇ.

ಇದಕ್ಕೆ ಗಾಳಿ ಹಾಕುವುದು ಆ್ಯಪ್‌ಗಳೇ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು 5 ಲಕ್ಷಕ್ಕೂ ಹೆಚ್ಚು ಟ್ವೀಟ್‌ಗಳನ್ನು ನೋಡಿ 2017ರಲ್ಲಿ ಒಂದು ಲೆಕ್ಕ ಕೊಟ್ಟರು. ಸರಿ-ತಪ್ಪಿನ ಭಾವನೆ ಕೆರಳಿಸುವ ಒಂದೊಂದು ಪದ ಸೇರುತ್ತಾ ಹೋದ ಹಾಗೆಲ್ಲ ಟ್ವೀಟ್ ಹರಡುವುದು ಸುಮಾರು 20% ಹೆಚ್ಚಾಗುತ್ತಿತ್ತು. ಸಮಾಧಾನದಿಂದ ಬರೆದದ್ದು ಮೂಲೆಯಲ್ಲೇ ಉಳಿಯಿತು ಅಂತಲೇ ಅರ್ಥ ಅಲ್ವಾ?

ಹಾಗಾದರೆ ಯಾರ ಬಗ್ಗೆಯೂ ಬಾಯಿ ಬಿಡಲೇಬಾರದಾ? ಖಂಡಿತ ಬಿಡಬೇಕು. 2018ರಲ್ಲಿ ಲೈಂಗಿಕ ಕಿರುಕುಳದ ವಿರುದ್ಧ ಹೆಣ್ಣುಮಕ್ಕಳು ದನಿಯೆತ್ತಿದ ಮೀಟೂ ಸಮಯದಲ್ಲಿ ಪತ್ರಕರ್ತೆ ಪ್ರಿಯಾ ರಮಾಣಿ ಆಗ ಕೇಂದ್ರ ಸಚಿವರಾಗಿದ್ದ ಎಂ.ಜೆ. ಅಕ್ಬರ್ ಹೆಸರು ಹೇಳಿದರು. ಇನ್ನೂ ಹಲವು ಮಹಿಳೆಯರು ದನಿಗೂಡಿಸಿದರು. ಆರೋಪ ಸುಳ್ಳು ಎಂದ ಅಕ್ಬರ್ ಮಾನನಷ್ಟ ಮೊಕದ್ದಮೆ ಹೂಡಿದರು, ಆದರೆ ಆ ಅಕ್ಟೋಬರ್‌ನಲ್ಲೇ ರಾಜೀನಾಮೆ ಕೊಡಬೇಕಾಯಿತು. 2021ರ ಫೆಬ್ರವರಿಯಲ್ಲಿ ದೆಹಲಿ ಕೋರ್ಟ್ ರಮಾಣಿಯವರನ್ನು ಖುಲಾಸೆ ಮಾಡಿತು. ದಶಕಗಳ ನಂತರವೂ, ತನಗೆ ಸರಿ ಕಂಡ ಯಾವುದೇ ವೇದಿಕೆಯಲ್ಲಿ ಹೆಣ್ಣು ತನ್ನ ನೋವು ಹೇಳಿಕೊಳ್ಳಬಹುದು ಎಂದಿತು. ಅಲ್ಲಿ ಮಾತಾಡಿದ್ದು ತಮಗೇ ಆದದ್ದನ್ನು ಹೇಳಿಕೊಂಡವರು, ಅದೂ ಅಧಿಕಾರದಲ್ಲಿದ್ದವರ ವಿರುದ್ಧ, ತಮ್ಮದೇ ಹೆಸರು ಹಾಕಿ, ಕೋರ್ಟ್ ಮೆಟ್ಟಿಲು ಹತ್ತಲೂ ಸಿದ್ಧರಾಗಿ. ಬಸ್ಸಿನಲ್ಲಿ ಸೀಟಿಗೆ ಜಗಳವಾಡಿದ ಹೆಂಗಸಿನ ಮುಖವನ್ನು ಟ್ರೋಲ್ ಪೇಜಿಗೆ ಕಳಿಸುವುದನ್ನು ಇದರ ಪಕ್ಕದಲ್ಲಿ ಇಡಲು ನನ್ನಿಂದ ಆಗುವುದಿಲ್ಲ.

ಕಣ್ಣೆದುರು ಅನ್ಯಾಯ ನಡೆದರೆ ವಿಡಿಯೊ ಮಾಡಿ. ಸಾಕ್ಷಿಯಾಗಿ ಅದು ಬೇಕು. ಆದರೆ ಮೊದಲು ಅದನ್ನು ಪೊಲೀಸರಿಗೋ, ಆ ಸಂಸ್ಥೆಗೋ ಕೊಡಿ. ಅಲ್ಲಿ ಕ್ಯಾರೇ ಅನ್ನದಿದ್ದರೆ ಆ ಕಚೇರಿಯ ಹೆಸರು ಹೇಳಿ ಕೇಳಿ. ಯಾರದೇ ಮನೆ ವಿಳಾಸ, ಫೋನ್ ನಂಬರ್, ಮಕ್ಕಳ ಫೋಟೊ ಮಾತ್ರ ಬೇಡವೇ ಬೇಡ.

ನೀವೇ ಗುರಿಯಾಗಿದ್ದರೆ ಒಬ್ಬೊಬ್ಬರಿಗೂ ಉತ್ತರ ಕೊಡುತ್ತಾ ಕೂರಬೇಡಿ. ದಿನಾಂಕ, ಲಿಂಕ್ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಪೋಸ್ಟನ್ನು ಆ್ಯಪ್‌ನಲ್ಲಿ ರಿಪೋರ್ಟ್ ಮಾಡಿ, ಅದರ ಕುಂದುಕೊರತೆ ಅಧಿಕಾರಿಗೂ ಬರೆಯಿರಿ. ಬೆದರಿಕೆ ಬಂದರೆ ಹತ್ತಿರದ ಠಾಣೆಗೆ ಹೋಗಿ, ಇಲ್ಲವೇ ಸರ್ಕಾರದ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಿ. ಮಾನಹಾನಿಗೆ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಇದೆ. ಫೋನನ್ನು ಒಂದೆರಡು ದಿನ ನಂಬಿಕೆಯ ಒಬ್ಬರ ಕೈಗೆ ಕೊಟ್ಟುಬಿಡಿ. ನಿದ್ದೆ ಬಾರದಿದ್ದರೆ, ಬದುಕೇ ಬೇಡ ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಅದು ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮತ್ತೆ, ಈಗಾಗಲೇ ಅಂಥದ್ದೊಂದನ್ನು ಶೇರ್ ಮಾಡಿದ್ದರೆ ಇವತ್ತೇ ತೆಗೆದುಹಾಕಿ. ಸಂಗತಿ ಬೇರೆಯೇ ಇತ್ತು ಅಂತ ಆಮೇಲೆ ಗೊತ್ತಾಗಿದ್ದರೆ, ಅದನ್ನೂ ಅದೇ ಗ್ರೂಪುಗಳಿಗೆ ಕಳಿಸಿ.